ತಂಗಿಯ ಮೂರು ದಿನಗಳು

ಬಿಜೂರಿನ ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಜಗಲಿಯ ಪಕ್ಕದ ಸಣ್ಣ ಕೋಣೆಯಲ್ಲಿರಬೇಕು. ಊಟ ಹೊಸ್ತಿಲಿನವರೆಗೆ ಬರುತ್ತದೆ, ತಟ್ಟೆ ನಾವೇ ತೊಳೆದುಕೊಳ್ಳಬೇಕು. ನನಗೂ ತಂಗಿಗೂ ಬಹುತೇಕ ಒಟ್ಟಿಗೇ ಆಗುತ್ತಿದ್ದುದರಿಂದ ಅಲ್ಲಿ ಎರಡು ಚಾಪೆಗಳಿದ್ದವು. ಒಂದರ ಮೇಲೆ ನಾನು ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಮೈ ಒರೆಸುವ ಬೈರಾಸು ಕಚ್ಚಿಕೊಂಡು ಮಲಗಿರುತ್ತಿದ್ದೆ. ಇನ್ನೊಂದರ ಮೇಲೆ ಅವಳು ಕಾಲನ್ನು ಗೋಡೆಗಿಟ್ಟು ಮೊಬೈಲ್ ನೋಡುತ್ತ, ಮಾವಿನಕಾಯಿಗೆ ಉಪ್ಪು ಮೆಣಸು ಹಚ್ಚಿ ತಿನ್ನುತ್ತಿದ್ದಳು. ಅಡುಗೆಮನೆಯ ಕೆಲಸವಿಲ್ಲದ ಆ ದಿನಗಳು ಅವಳಿಗೆ ರಜೆ.

ಆ ಮಾವಿನಕಾಯಿ ಕಚ್ಚುವ ಸದ್ದು ನನಗೆ ಸಹಿಸಲಾಗುತ್ತಿರಲಿಲ್ಲ. ಅವಳ ಕೂದಲು ನನಗಿಂತ ದಟ್ಟ, ಮಾತು ನನಗಿಂತ ಚುರುಕು. ಅದಕ್ಕೆಲ್ಲ ನಾನು ಯಾವತ್ತೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಒಳಗೇನಿದೆ ಎಂಬುದನ್ನೇ ಮರೆತು ಓಡಾಡಬಲ್ಲ ಅವಳ ಹೊಟ್ಟೆಯ ಮೇಲಷ್ಟೇ ನನ್ನ ಕಣ್ಣಿತ್ತು.

ಅದಕ್ಕಿಂತ ಹೆಚ್ಚಾಗಿ, ನನ್ನ ನೋವು ಸುಳ್ಳೆನ್ನಲು ಅಮ್ಮನಿಗೆ ಅವಳೇ ಸಾಕ್ಷಿ.

"ಇಬ್ರೂ ನನ್ ಹೊಟ್ಟ್ಯಗೇ ಹುಟ್ಟದ್ದ್. ಅವ್ಳಿಗಿಲ್ದಿದ್ ನೋವ್ ನಿಂಗ್ ಎಲ್ಲಿಂದ ಬಂತ್? ಓದದ್ದ್ ಹೆಚ್ಚಾಯ್ತ್!"

ಜೀರಿಗೆ ಕಷಾಯಕ್ಕೆ ಅಡ್ಡಿಯಿರಲಿಲ್ಲ. ಮಾತ್ರೆ ಕೇಳಿದರೆ ಮಾತ್ರ, "ಗುಳ್ಗಿ ತಿಂಬುಕಾಗ, ನಾಳೆ ಮಕ್ಕಳಾತಿಲ್ಲೆ. ಮದಿ ಆಯಿ ಗಂಡನ್ ಮನಿಗ್ ಹೋದ್ ಮೇಲೆ ಎಲ್ಲ ಸಮ ಆತ್ತ್" ಎನ್ನುತ್ತಿದ್ದಳು.

ಬ್ರಹ್ಮಾವರದ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದ ಮೇಲೆ ಅಮ್ಮನಿಗೆ ಗೊತ್ತಾಗದಂತೆ ಮಾತ್ರೆ ನುಂಗತೊಡಗಿದೆ. ಕ್ರಮೇಣ ಅದೂ ಸಾಲದಾಯಿತು. ಪ್ರತಿ ತಿಂಗಳೂ ರಜೆ ಹಾಕುವವಳನ್ನು ಮುಂದಿನ ವರ್ಷ ಇಟ್ಟುಕೊಳ್ಳುವುದು ಅನುಮಾನವೆಂದು ಕಾಲೇಜಿನಲ್ಲಿ ಸೂಚ್ಯವಾಗಿ ಹೇಳಿದರು.

ಆ ವರ್ಷ ಮನೆದೈವದ ಪೂಜೆಯ ಹೊತ್ತಿಗೇ ನಮ್ಮಿಬ್ಬರಿಗೂ ಮುಟ್ಟು ಬರುವಂತಿತ್ತು. ಅಮ್ಮ ತಾನೇ ಮೆಡಿಕಲ್‌ಗೆ ಹೋಗಿ ಮುಟ್ಟು ಮುಂದೆ ಹಾಕುವ ಮಾತ್ರೆ ತಂದಳು. ಇಬ್ಬರ ಅಂಗೈಗೂ ಹಾಕಿ, ನುಂಗುವವರೆಗೆ ಎದುರಿಗೇ ನಿಂತಳು. ಪೂಜೆ ಸಾಂಗವಾಗಿ ಮುಗಿಯಿತು. ಮಾತ್ರೆ ನಿಲ್ಲಿಸಿದ ಮೇಲೆ ತಂಗಿ ಎಂದಿನಂತೆ ಚಾಪೆ ಬಿಡಿಸಿದಳು. ರಜೆ ಹಾಕಲು ಹೆದರಿ ಕಾಲೇಜಿಗೆ ಹೊರಟ ನಾನು ಕುಂದಾಪುರದ ಬಸ್ ನಿಲ್ದಾಣದಲ್ಲಿ ವಾಂತಿ ಮಾಡಿಕೊಂಡು ಕುಸಿದೆ. ಬಸ್ಸಿಗೆ ಕಾಯುತ್ತಿದ್ದ ಮೀನು ಮಾರುವ ಹೆಂಗಸೊಬ್ಬಳು ಮುಖಕ್ಕೆ ನೀರು ಚಿಮುಕಿಸಿ, ನನ್ನ ಮೊಬೈಲಿನಲ್ಲೇ ಅಮ್ಮನಿಗೆ ಕೂಗಿ ಹೇಳಿದಳು: "ಹ್ವಾಯ್, ನಿಮ್ ಮಗಳ್ ಇಲ್ಲಿ ಬಿದ್ಕಂಡಿತ್ತ್. ಬೇಗ ಬನ್ನಿ!"

ಅಮ್ಮ ಬಂದಳು. ಅಲ್ಲೇ ಹತ್ತಿರದಲ್ಲಿದ್ದ ಹೆರಿಗೆ ಡಾಕ್ಟರರ ಬಳಿಗೆ ಹೋದೆವು. ಮದುವೆಯಾಗದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಗುರ್ತದವ್ರ್ ಯಾರೂ ಇಲ್ಲೆ ಅಲ್ದಾ?" ಎಂದು ಅವಳು ಬಾಗಿಲನ್ನೇ ನೋಡುತ್ತಿದ್ದಳು. ಸ್ಕ್ಯಾನಿಂಗ್‌ಗೆಂದು ನೀರು ಕುಡಿದು ಕುಳಿತಿದ್ದ ನಾನು ಸುತ್ತಲಿನ ಬಸುರಿಯರನ್ನು ನೋಡುತ್ತಿದ್ದೆ. ಅವರ ಮೇಲೂ ಹೊಟ್ಟೆಕಿಚ್ಚಾಯಿತು. ಅವರು ಸೊಂಟಕ್ಕೆ ಕೈಯಿಟ್ಟರೆ ಸಾಕು, ಯಾರಾದರೂ ಎದ್ದು ಜಾಗ ಬಿಡುತ್ತಿದ್ದರು. ಅವರ ನೋವಿಗೆ ಕೊನೆಯಲ್ಲಿ ಎತ್ತಿ ತೋರಿಸಲು ಒಂದು ಮಗುವಾದರೂ ಇರುತ್ತದೆ.

"ಎಡಗಡೆಯ ಅಂಡಾಶಯದಲ್ಲಿ ಗಡ್ಡೆ ಇದೆ," ಎಂದರು ಡಾಕ್ಟರ್. "ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದ ಹಾಗಿದೆ. ಎಂಡೊಮೆಟ್ರಿಯೋಸಿಸ್ ಅಂತ ಹೇಳ್ತೇವೆ. ಇಷ್ಟು ದಿನ ಹೇಗೆ ತಡಕೊಂಡಳು ಇವಳು?" ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳಬೇಕು, ತೆಗೆದುಕೊಳ್ಳುವಷ್ಟು ಕಾಲ ಮುಟ್ಟು ನಿಲ್ಲಬಹುದು ಎಂದು ವಿವರಿಸಿದರು.

"ಮುಟ್ಟ್ ನಿಲ್ಸೂದಾ? ಅದೆಲ್ಲ ಬ್ಯಾಡ ಡಾಕ್ಟ್ರೆ. ಇವ್ಳಿಗ್ ಇನ್ನೂ ಮದಿ ಆಯ್ಲಿಲ್ಲ."

ನಾನು ಅದುವರೆಗೆ ಅಮ್ಮನಿಗೆ ಎದುರು ಮಾತಾಡಿದವಳಲ್ಲ. "ಪೂಜಿಗ್ ನೀನೇ ತಂದ್ ಕೊಟ್ಟಿದ್ಯಲೆ ಅಮ್ಮ. ಅದ್ ಗುಳ್ಗಿ ಅಲ್ದಾ?" ಎಂದೆ.

ಬರೆಯುತ್ತಿದ್ದ ಡಾಕ್ಟರ್ ತಲೆಯೆತ್ತಿದರು. "ಇದೂ ಹೆಚ್ಚುಕಡಿಮೆ ಅದೇ ಜಾತಿಯದ್ದು," ಎಂದರು.

"ಅದ್... ದೇವ್ರಿಗಲ್ದಾ," ಎಂದಳು ಅಮ್ಮ ಮೆಲ್ಲಗೆ. ಆಗ ನನಗೆ ದೇವರ ಮೇಲೂ ಹೊಟ್ಟೆಕಿಚ್ಚಾಯಿತು. ತನ್ನ ಮಾತು ಅಮ್ಮನಿಗೇ ಕೇಳಿಸಿತೇನೋ, ಡಾಕ್ಟರ್ ಬರೆದ ಚೀಟಿಯನ್ನು ಕೈಚಾಚಿ ತೆಗೆದುಕೊಂಡಳು. ಹೊರಗೆ ಬಂದು ಅದನ್ನು ಮೆಡಿಕಲ್‌ನವನ ಮುಂದೆ ಹಿಡಿದವಳು ಅವಳೇ.

ಈಗ ಕಾಲೇಜಿಗೆ ರಜೆ ಹಾಕುವ ಪ್ರಸಂಗ ಬಂದಿಲ್ಲ. ಸಣ್ಣ ಕೋಣೆಯಲ್ಲಿ ಒಂದೇ ಚಾಪೆ. ಮೊನ್ನೆ ತಂಗಿಗೆ ಊಟ ಕೊಡಲು ಹೋದಾಗ ಅವಳು ಮೊಬೈಲ್ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಕ್ಕಾ, ನಿಂಗ್ ಎಂತಾ ಸುಖ ಮಾರಾಯ್ತಿ! ಮುಟ್ಟೂ ಇಲ್ಲೆ, ಈ ಕೋಣಿಯೂ ಇಲ್ಲೆ. ನಂಗೂ ಆ ಗುಳ್ಗಿ ಬರ್ಸಿ ಕೊಡೇ."

ಮಾತ್ರೆಯಿಂದ ಬರುವ ತಲೆನೋವನ್ನು, ಗಡ್ಡೆ ಬೆಳೆದರೆ ಆಪರೇಷನ್ ಬೇಕಾದೀತೆಂಬ ಹೆದರಿಕೆಯನ್ನು ಅವಳಿಗೆ ಹೇಳಬಹುದಿತ್ತು. ಆದರೆ ಅವಳ ಮುಖದಲ್ಲಿದ್ದದ್ದು ಅಪ್ಪಟ ಅಸೂಯೆ, ಅದನ್ನು ನಾನು ಚೆನ್ನಾಗಿ ಬಲ್ಲೆ. ಅದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಎಂದುಕೊಂಡು, ಅವಳ ತಟ್ಟೆಗೆ ತಾಗದಂತೆ ಮೇಲಿನಿಂದ ಇನ್ನೊಂದು ತುಂಡು ಮೀನು ಬಡಿಸಿದೆ.