ಮತ್ತೆ ಕೇಳಿಕೊಂಡು ಬಾ ಎಂದವರು

ಬ್ಯಾಡಗಿಯಲ್ಲಿ ಬಸ್ಸಿನಿಂದ ಕಾಲು ಕೆಳಗಿಡುವುದೇ ತಡ, ಮೇಡಂಗೆ ಸೀನು ಶುರುವಾಗುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿ, ಕಣ್ಣಲ್ಲಿ ನೀರು ತುಂಬಿದರೂ ಬೆರಳು ಮಡಚಿ ಸೀನು ಎಣಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ. "ಒಂಬತ್ತು. ಹ್ವಾದ ವಾರ ಆರ ಇತ್ತು. ಇವತ್ತ ಮಾರ್ಕೆಟ್ಟಿಗೆ ಮಾಲು ಭಾಳ ಬಂದೈತಿ ನೋಡು" ಎನ್ನುತ್ತಿದ್ದರು. ನಾನು ಮೆಣಸಿನಕಾಯಿ ಘಾಟಿನಲ್ಲೇ ಹುಟ್ಟಿ ಬೆಳೆದವಳು, ನನಗೆ ಒಂದು ಸೀನೂ ಬರುತ್ತಿರಲಿಲ್ಲ. ಅದಕ್ಕೇ ನನ್ನನ್ನು ಕೆಟ್ಟುಹೋದ ತಕ್ಕಡಿ ಎಂದು ಛೇಡಿಸುತ್ತಿದ್ದರು.

ಹಾವೇರಿಯಲ್ಲಿ ನಾನು ಸಮಾಜಶಾಸ್ತ್ರದ ಎಂ.ಎ. ಓದುವಾಗ ಅವರು ನನ್ನ ಗೈಡ್. ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ವಾರಕ್ಕೊಮ್ಮೆ ಮಾರ್ಕೆಟ್ಟು ನೋಡಲು ನನ್ನೊಂದಿಗೆ ಬ್ಯಾಡಗಿಗೂ ಬರುತ್ತಿದ್ದರು. ಯಾವ ಸ್ಟಾಪಿನಲ್ಲಿ ಎಷ್ಟು ಹೆಣ್ಣುಮಕ್ಕಳು ಹತ್ತಿದರು, ಎಷ್ಟು ಜನ ನಿಂತೇ ಬಂದರು ಎಂದು ಟಿಕೆಟ್ಟಿನ ಹಿಂದೆ ಗೀಟು ಹಾಕುತ್ತಿದ್ದರು. ಕ್ಲಾಸಿನಲ್ಲಿ ಆ ಗೀಟುಗಳನ್ನೇ ಬೋರ್ಡಿನ ಮೇಲೆ ಕಂಬಗಳಾಗಿ ನಿಲ್ಲಿಸಿದರೆ, ನಾವು ಬೈದುಕೊಂಡು ಬರುವ ಬಸ್ಸೇ ಹೊಸದಾಗಿ ಕಾಣುತ್ತಿತ್ತು. ನನಗೆ ಈ ಲೆಕ್ಕದ ಹುಚ್ಚು ಹಿಡಿದದ್ದು ಅಲ್ಲಿಯೇ.

ಬ್ಯಾಡಗಿಯ ನಮ್ಮ ಓಣಿಯ ಹೆಂಗಸರ ದುಡಿಮೆಯನ್ನೇ ಪ್ರಬಂಧಕ್ಕೆ ಆರಿಸಿಕೊಂಡೆ. ಮೊಬೈಲಿನಲ್ಲಿ ಫಾರಂ ಮಾಡಿಕೊಂಡು ನಾಲ್ಕೇ ದಿನದಲ್ಲಿ ಅರವತ್ತು ಮನೆ ಮುಗಿಸಿದೆ. ಲ್ಯಾಪ್‌ಟಾಪಿನಲ್ಲಿ ಉತ್ತರಗಳ ಪಾಲು ತೋರಿಸುವ ಬಣ್ಣದ ಚಕ್ರವೂ ಸಿದ್ಧವಾಯಿತು. ಅದರ ಬಹುಪಾಲು ನೀಲಿ. ನೀಲಿ ಎಂದರೆ 'ಕೆಲಸವಿಲ್ಲ'. ದೊಡ್ಡ ಸತ್ಯ ಕಂಡುಹಿಡಿದೆನೆಂದು ಬೀಗುತ್ತಾ ಹೋಗಿ ತೋರಿಸಿದೆ. ಪ್ರಬಂಧ ಸಲ್ಲಿಸಲು ಹದಿನೈದು ದಿನ ಉಳಿದಿತ್ತು.

ಮೇಡಂ ಚಕ್ರವನ್ನು ನೋಡಲೇ ಇಲ್ಲ. ಒಂದೊಂದು ಫಾರಂ ತುಂಬಲು ಎಷ್ಟು ಹೊತ್ತು ಹಿಡಿದಿದೆ ಎಂದು ನೋಡಿದರು. ಮೊದಲನೆಯದಕ್ಕೆ ಒಂದು ನಿಮಿಷವೂ ಆಗಿರಲಿಲ್ಲ. ಯಾರದು ಎಂದರು. ನಮ್ಮವ್ವನದು, ಗೊತ್ತಿದ್ದದ್ದೇ ಅಲ್ಲವೇ, ಕೇಳದೆಯೇ ತುಂಬಿದೆ ಎಂದೆ. ಉಳಿದವರನ್ನು ಕೇಳುವಾಗ ಅವರ ಕೈಗಳು ಸುಮ್ಮನಿದ್ದವೇ ಎಂದು ಕೇಳಿದರು. ಸುಮ್ಮನಿರಲಿಲ್ಲ. ಮನೆಮನೆಯಲ್ಲೂ ಹೆಂಗಸರು ಅಂಗಡಿಯವರು ಕೂಲಿಗೆ ಕೊಟ್ಟ ಮೆಣಸಿನಕಾಯಿ ರಾಶಿ ಮುಂದೆ ಹಾಕಿಕೊಂಡು, ತೊಟ್ಟು ಬಿಡಿಸುತ್ತಲೇ "ಕೆಲಸ ಏನಿಲ್ಲವಾ, ಮನ್ಯಾಗ ಇರತೇನಿ" ಎಂದಿದ್ದರು. ನಾನೂ ಕಣ್ಣಾರೆ ನೋಡುತ್ತಲೇ 'ಕೆಲಸವಿಲ್ಲ' ಒತ್ತಿಕೊಂಡು ಬಂದಿದ್ದೆ.

"ಅವರು ಸುಳ್ಳು ಹೇಳಿಲ್ಲ, ನೀ ಕೇಳಿದ್ದ ತಪ್ಪೈತಿ" ಎಂದರು. "ನಿನ್ನೆ ಎದ್ದಾಗಿಂದ ಮಲಗೂತನಕ ಏನೇನು ಮಾಡಿದ್ರಿ ಅಂತ ಮತ್ತ ಕೇಳಿಕೊಂಡು ಬಾ. ಅರವತ್ತೂ ಮನಿ. ಮೊದಲ ನಿಮ್ಮವ್ವನಿಂದ ಶುರು ಮಾಡು."

ಪದವಿ ಒಂದು ವರ್ಷ ಹಿಂದೆ ಬೀಳುತ್ತದೆಂದು ಅಳು ಬಂತು, ಸಿಟ್ಟೂ ಬಂತು. ಮರುದಿನ ಮೇಡಂ ಸೀನುತ್ತಾ ನಮ್ಮ ಮನೆಗೇ ಬಂದು ರಾಶಿಯ ಪಕ್ಕ ಕುಳಿತರು. ಇದನ್ನೇನು ಬರೆದುಕೊಳ್ಳುತ್ತೀರಿ ಎಂದು ಅವ್ವ ಮೊದಲು ನಕ್ಕಳು. ಆಮೇಲೆ ಹೇಳುತ್ತಾ ಹೋದಳು. ರೊಟ್ಟಿ ಬಡಿಯುವ ಮೊದಲು ಒಂದಿಷ್ಟು ತೊಟ್ಟು, ನೀರು ಬರುವತನಕ ಒಂದಿಷ್ಟು, ಟಿವಿ ನೋಡುತ್ತಾ ಒಂದಿಷ್ಟು. ನಾನು ಬರೆಯುತ್ತಾ ಹೋದೆ. ಎರಡು ಹಾಳೆ ತುಂಬಿದವು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು ಇದು ಯಾವುದೂ ನನಗೆ ಗೊತ್ತಿರಲಿಲ್ಲ.

ಅರವತ್ತು ಮನೆ ಮತ್ತೆ ಸುತ್ತಿದೆ. ಒಬ್ಬೊಬ್ಬರ ದಿನವೂ ಒಂದೊಂದು ಉದ್ದನೆಯ ಪಟ್ಟಿ, ಅದರಲ್ಲಿ ಮೆಣಸಿನಕಾಯಿ ಬಿಡಿಸಿದ ಹೊತ್ತಿಗೆಲ್ಲ ಕೆಂಪು ಬಣ್ಣ. ಪಟ್ಟಿಯ ಕೆಳಗೆ ಪಟ್ಟಿ ಬಂದು ಹಾಳೆ ಕೆಂಪೇರಿದಾಗ ಕುಣಿದಾಡುವಂತಾಯಿತು. ಪರೀಕ್ಷಕರಿಗಿಂತ ಮೊದಲು ಅದನ್ನು ಓಣಿಯವರು ನೋಡಬೇಕೆಂದು ಮೇಡಂ ಹಟ ಹಿಡಿದರು. ನಮ್ಮ ಗೋಡೆಗೇ ಅಂಟಿಸಿದೆವು. ಅವ್ವ ತನ್ನ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ, "ಇಷ್ಟೆಲ್ಲಾ ನಾನ ಮಾಡೇನಿ?" ಎಂದಳು. ಪ್ರಬಂಧವನ್ನು ಕೊನೆಯ ದಿನ ಸಲ್ಲಿಸಿದೆ, ಪಾಸಾದೆ.

ಮೇಡಂ ಹೋದ ವರ್ಷ ತೀರಿಕೊಂಡರು. ಇಂದು ನಾನು ಸಮೀಕ್ಷೆಯ ಕೆಲಸದಿಂದಲೇ ಉಣ್ಣುತ್ತಿದ್ದೇನೆ. ಅದು ಅವರು ಹಾಕಿದ ಅನ್ನ. ಆದರೆ ಋಣ ನನ್ನೊಬ್ಬಳದಲ್ಲ. ಮೊನ್ನೆ ಯಾವುದೋ ಸಮೀಕ್ಷೆಯವರು ಮನೆಗೆ ಬಂದಿದ್ದರು. ಅವ್ವನ ಕೆಲಸ ಏನೆಂದು ಕೇಳಿ, ಉತ್ತರಕ್ಕೂ ಕಾಯದೆ ಬರೆಯಹೊರಟರು. ಅವ್ವ ಮಣೆ ಸರಿಸಿಕೊಟ್ಟು ಹೇಳಿದಳು: "ಕುಂದ್ರಿ, ಹೇಳತೇನಿ. ಸ್ವಲ್ಪ ಹೊತ್ತ ಹಿಡಿತೈತಿ."