ಹುಗ್ಗಿ ತಿಂದ ಬೆರಳು

ನಮ್ಮ ಮನೆಯವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ ವರ್ಷ, ಕೊಲೆಸ್ಟ್ರಾಲ್ ನೋಡುವ ಮೀಟರೊಂದನ್ನು ಅವರೇ ಕೊಂಡು ತಂದರು. ಸಕ್ಕರೆ ನೋಡುವ ಮೀಟರಿನ ಹಾಗೇ ಇರುತ್ತದೆ, ಸ್ವಲ್ಪ ದಪ್ಪ. ಸ್ಟ್ರಿಪ್ ಸಿಕ್ಕಿಸಿ, ಬೆರಳ ತುದಿಗೆ ಸೂಜಿ ಚುಚ್ಚಿ, ಬಂದ ರಕ್ತವನ್ನು ಸಣ್ಣ ನಳಿಕೆಯಲ್ಲಿ ಎಳೆದು ಸ್ಟ್ರಿಪ್ಪಿನ ಮೇಲೆ ಬಿಡಬೇಕು. ಎರಡು ಮೂರು ನಿಮಿಷದಲ್ಲಿ ಒಟ್ಟು ಕೊಲೆಸ್ಟ್ರಾಲ್, ಒಳ್ಳೆಯದು, ಕೆಟ್ಟದ್ದು, ಟ್ರೈಗ್ಲಿಸರೈಡ್ ಎನ್ನುವ ಇನ್ನೊಂದು ಕೊಬ್ಬು, ಎಲ್ಲದರ ಸಂಖ್ಯೆಗಳು ಬರುತ್ತವೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಇಷ್ಟನ್ನು ಅವರಿಂದಲೇ ಕಲಿತೆ.

ಅವರು ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ಎಲ್ಲದರಲ್ಲೂ ಕಟ್ಟುನಿಟ್ಟು. ಮೀಟರಿಗೆ ಎರಡು ನಿಯಮ ಮಾಡಿದ್ದರು. ಹಿಂದಿನ ರಾತ್ರಿ ಊಟದ ನಂತರ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಿರಬಾರದು. ಚುಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆದು ಪೂರ್ತಿ ಒಣಗಿಸಿರಬೇಕು. ಬೆರಳಲ್ಲಿ ತುಪ್ಪದ ಪಸೆ ಇದ್ದರೆ ಮೀಟರು ರಕ್ತವನ್ನು ಬಿಟ್ಟು ತುಪ್ಪವನ್ನು ಅಳೆಯುತ್ತದೆ ಎನ್ನುತ್ತಿದ್ದರು. ಅಷ್ಟು ಸಲ ನೋಡಬೇಕಾಗಿಲ್ಲ ಎಂದು ಡಾಕ್ಟರು ಹೇಳಿದರೂ ಕೇಳದೆ ಎರಡು ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ತಮ್ಮದು ನೋಡಿಕೊಂಡು ಆಮೇಲೆ ನನ್ನದು ನೋಡುತ್ತಿದ್ದರು. ನನಗೆ ಸೂಜಿ ಎಂದರೆ ಭಯ. ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು, ಗೇಟಿನ ಹತ್ತಿರ ಯಾರೋ ಬಂದರು ನೋಡು ಎನ್ನುತ್ತಿದ್ದರು. ಯಾರೂ ಬಂದಿರುವುದಿಲ್ಲ ಎಂದು ಗೊತ್ತಿದ್ದೂ ನಾನು ಪ್ರತಿ ಸಲ ತಿರುಗಿ ನೋಡುತ್ತಿದ್ದೆ.

ಆರು ವರ್ಷ ಅವರು ತುಪ್ಪ ಮುಟ್ಟಲಿಲ್ಲ. ಒಗ್ಗರಣೆಗೆ ಚಮಚದಲ್ಲಿ ಅಳೆದು ಎಣ್ಣೆ. ಅವರಿಗೆ ಬೇಡವಾದದ್ದು ನನಗೂ ಬೇಡ ಎಂದು ನಾನೂ ಅದನ್ನೇ ತಿಂದೆ. ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ವಾಕಿಂಗಿಗೆ ಹೊರಟವರು ಶೂ ದಾರ ಕಟ್ಟಲು ಬಗ್ಗಿದರು, ಮತ್ತೆ ಏಳಲಿಲ್ಲ. ಎಂಟು ದಿನದ ಹಿಂದೆಯಷ್ಟೇ ಮೀಟರು ನೋಡಿದ್ದೆವು. ಎಲ್ಲ ಸಂಖ್ಯೆಗಳೂ ಚೆನ್ನಾಗಿದ್ದವು.

ಅವರು ವಾಕಿಂಗಿಗೆ ಹೋಗುತ್ತಿದ್ದದ್ದು ಎದುರು ಮನೆಯವರ ಜೊತೆ. ಬನಶಂಕರಿಯ ಈ ರಸ್ತೆಗೆ ನಾವೂ ಅವರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬಂದವರು. ಇಪ್ಪತ್ತೈದು ವರ್ಷದ ಒಡನಾಟ. ಆತ ನಮ್ಮವರನ್ನು ಅಣ್ಣ ಎನ್ನುತ್ತಿದ್ದರು, ನನ್ನನ್ನು ಅತ್ತಿಗೆ. ಅವರ ಹೆಂಡತಿ ನನಗಿಂತ ಆರು ವರ್ಷ ಚಿಕ್ಕವಳು, ಅಕ್ಕ ಎಂದೇ ಕರೆಯುವವಳು. ಅವರಿಬ್ಬರೂ ನಮ್ಮ ಮೀಟರಿನಲ್ಲೇ ನೋಡಿಸಿಕೊಳ್ಳುತ್ತಿದ್ದರು. ಆತ ಬೆಣ್ಣೆ ದೋಸೆಗೆ ಎಲ್ಲಿಗೆ ಬೇಕಾದರೂ ಹೋಗುವ ಮನುಷ್ಯ, ಹೋಳಿಗೆಗೆ ಸೌಟಿನಲ್ಲಿ ತುಪ್ಪ ಹಾಕಿಸಿಕೊಳ್ಳುವವರು. ನಮ್ಮವರು ಸಾರನ್ನ ಉಣ್ಣುತ್ತಾ ಅವರನ್ನು ಬೈಯುತ್ತಿದ್ದರು.

ಸಾರನ್ನ ಉಂಡವರು ಹೋದರು. ತುಪ್ಪ ತಿಂದವರು ಎದುರು ಮನೆಯ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನ ದುಃಖದ ಕಾಲುಭಾಗವಾದರೂ ಇದೇ ಆಗಿತ್ತು ಎಂದು ಈಗ ಬರೆಯಬಲ್ಲೆ. ಆಗ ಯಾರಿಗೂ ಹೇಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ಮಗಳು ತಲಘಟ್ಟಪುರದ ತನ್ನ ಮನೆಗೆ ಹೋದ ಮೇಲೆ ಹಗಲೆಲ್ಲ ನನ್ನ ಕಿವಿ ಎದುರು ಮನೆಯಲ್ಲೇ ಇರುತ್ತಿತ್ತು. 'ರೀ, ಗೀಸರ್ ಆಫ್ ಮಾಡಿದ್ರಾ?' 'ರೀ, ಹಾಲು ಬಂತಾ?' ಅವಳು ಹೀಗೆ ಕೂಗಿದಾಗಲೆಲ್ಲ ನನಗೆ ಯಾರೋ ಚಿವುಟಿದಂತಾಗುತ್ತಿತ್ತು. ನಾನು 'ರೀ' ಎಂದು ಕರೆಯಲು ಯಾರೂ ಇರಲಿಲ್ಲ. ಅವಳು ಗಂಡನ ಮೇಲೆ ದೂರು ಹೇಳಲು ಬಂದರೆ ಇನ್ನೂ ಕಷ್ಟ. ಒದ್ದೆ ಟವೆಲನ್ನು ಮಂಚದ ಮೇಲೆ ಹಾಕ್ತಾರೆ ಅಕ್ಕ ಎನ್ನುವಳು. ಹಾಕಲಿ ಬಿಡು ಎನ್ನುತ್ತಿದ್ದೆ. ಒದ್ದೆ ಟವೆಲ್ ಇರುವ ಮನೆ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಮಗಳ ಒತ್ತಾಯಕ್ಕೆ ನನ್ನದನ್ನು ನಾನೇ ನೋಡಿಕೊಳ್ಳುವುದನ್ನು ಕಲಿತೆ. ಮೊದಲ ಸಲ ಎಡಗೈ ಬೆರಳಿಗೆ ಸೂಜಿಯ ಪೆನ್ನು ಇಟ್ಟುಕೊಂಡು, ಅದರ ಗುಂಡಿ ಒತ್ತಲಾರದೆ ಅರ್ಧ ಗಂಟೆ ಕೂತಿದ್ದೆ. ನನ್ನ ಸಂಖ್ಯೆಗಳು ಚೆನ್ನಾಗಿ ಬಂದವು. ಅದನ್ನು ನೋಡಿ ಸಿಟ್ಟು ಬಂತು.

ಎದುರು ಮನೆಯವರು ಕೆಲವು ತಿಂಗಳು ಬಿಟ್ಟು, ಮೀಟರಿಗೆ ಬರಬಹುದೇ ಎಂದು ಸಂಕೋಚದಿಂದ ಕೇಳಿದರು. ಬನ್ನಿ ಎಂದೆ. ಪ್ರತಿ ಸಲ ಆತನ ಸಂಖ್ಯೆ ಜಾಸ್ತಿ ಬರಲಿ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು. ಬರುತ್ತಿರಲಿಲ್ಲ.

ಧನುರ್ಮಾಸ ಬಂತು. ಆ ತಿಂಗಳು ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಸೂರ್ಯ ಹುಟ್ಟುವ ಮುಂಚೆ ಪೂಜೆ, ಆಮೇಲೆ ದೊನ್ನೆಯಲ್ಲಿ ಬಿಸಿ ಹುಗ್ಗಿ. ಹೆಸರುಬೇಳೆ, ಮೆಣಸು, ದೊನ್ನೆಯ ಅಂಚಿನಲ್ಲಿ ನಿಲ್ಲುವಷ್ಟು ತುಪ್ಪ. ಮುಂಚೆಲ್ಲ ನಾಲ್ವರೂ ಒಟ್ಟಿಗೆ ಹೋಗುತ್ತಿದ್ದೆವು. ನಮ್ಮವರು ಒಂದೇ ಒಂದು ಅಗುಳನ್ನು ಬಾಯಿಗೆ ಹಾಕಿಕೊಂಡು ದೊನ್ನೆಯನ್ನು ಆತನಿಗೆ ಕೊಟ್ಟುಬಿಡುತ್ತಿದ್ದರು. ಆ ತಿಂಗಳಲ್ಲಿ ಮೀಟರು ನೋಡುವ ದಿನ ಬಂದರೆ, ದೇವಸ್ಥಾನಕ್ಕೆ ಹೊರಡುವ ಮುಂಚೆಯೇ ಎಲ್ಲರ ಬೆರಳು ಚುಚ್ಚಿ ಮುಗಿಸುತ್ತಿದ್ದರು. ಯಾಕೆ ಎಂದು ಎದುರು ಮನೆಯವರು ಎಂದೂ ಕೇಳಿದವರಲ್ಲ.

ಈ ಸಲ ನಾನು ದೇವಸ್ಥಾನಕ್ಕೆ ಹೋಗಲಿಲ್ಲ. ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವರಿಬ್ಬರೂ ಮೀಟರು ನೋಡಿಸಲು ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ನಿಂತು ಅವಳು ಆತನ ಶಾಲಿನ ಮೇಲೆ ಅಂಟಿದ್ದ ಅಗುಳನ್ನು ತೆಗೆದಳು. ಆಮೇಲೆ ಆತನ ಬಲಗೈ ಹಿಡಿದು, ಒಂದೊಂದೇ ಬೆರಳನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಆತ ಏನೋ ಮಾತಾಡುತ್ತಲೇ ಇದ್ದರು, ಕೈ ಕೊಟ್ಟದ್ದೂ ಅವರ ಗಮನದಲ್ಲಿರಲಿಲ್ಲ.

ನಾನು ಸ್ಟ್ರಿಪ್ ಸಿಕ್ಕಿಸಿದೆ. ಏನಾದರೂ ತಿಂದಿದ್ದೀರಾ ಎಂದು ಕೇಳಿದೆ.

'ಇಲ್ಲ ಅತ್ತಿಗೆ, ಖಾಲಿ ಹೊಟ್ಟೆ. ಕಾಫಿನೂ ಕುಡ್ದಿಲ್ಲ.'

ಅವರು ಸುಳ್ಳು ಹೇಳಲಿಲ್ಲ. ಪ್ರಸಾದವನ್ನು ನಮ್ಮ ಕಡೆ ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಬೆರಳನ್ನು ಹಿಡಿದಾಗ ತುಪ್ಪದ, ಮೆಣಸಿನ ವಾಸನೆ ಬಂತು, ಚರ್ಮ ನುಣ್ಣಗೆ ಜಾರುತ್ತಿತ್ತು. ಕೈ ತೊಳೆದುಕೊಂಡು ಬನ್ನಿ ಎನ್ನಲು, ಇಲ್ಲವೇ ಇವತ್ತು ಬೇಡ, ನಾಳೆ ನೋಡೋಣ ಎನ್ನಲು ನನಗೆ ಎಷ್ಟು ಹೊತ್ತೂ ಬೇಕಿರಲಿಲ್ಲ. ಅನ್ನಲಿಲ್ಲ. ಚುಚ್ಚಿದೆ.

ನೂರೈವತ್ತರೊಳಗೆ ಇರಬೇಕಾದ ಟ್ರೈಗ್ಲಿಸರೈಡ್ ಐನೂರ ಮೂವತ್ತು ಎಂದು ಬಂತು. ಕೆಟ್ಟ ಕೊಲೆಸ್ಟ್ರಾಲಿನ ಜಾಗದಲ್ಲಿ ಸಂಖ್ಯೆಯೇ ಇಲ್ಲ, ಬರೀ ಗೀಟುಗಳು. ಕೊಬ್ಬು ತುಂಬಾ ಜಾಸ್ತಿಯಾದರೆ ಮೀಟರಿಗೆ ಅದನ್ನು ಲೆಕ್ಕ ಹಾಕಲು ಆಗುವುದಿಲ್ಲ ಎಂದು ನಮ್ಮವರು ಹೇಳಿದ್ದರು. ಅದನ್ನೇ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ತನ್ನದನ್ನು ನೋಡಿಸಿಕೊಳ್ಳುವುದನ್ನು ಮರೆತು, ಗಂಡನ ರಟ್ಟೆ ಹಿಡಿದು ರಸ್ತೆ ದಾಟಿಸಿದಳು. ನಾನು ಬಾಗಿಲು ಹಾಕಿ ಬಂದು ಕಾಫಿ ಬೆರೆಸಿಕೊಂಡೆ. ನಮ್ಮವರು ತೀರಿಕೊಂಡ ಮೇಲೆ ನಾನು ರುಚಿಯಾಗಿ ಕುಡಿದ ಮೊದಲ ಕಾಫಿ ಅದು.

ಅವರ ಡಾಕ್ಟರು ಊರಲ್ಲಿರಲಿಲ್ಲ, ಮುಂದಿನ ಸೋಮವಾರಕ್ಕೆ ಸಮಯ ಸಿಕ್ಕಿತು. ಆ ವಾರವಿಡೀ ಎದುರು ಮನೆಯಿಂದ ಒಗ್ಗರಣೆಯ ಸದ್ದು ಬರಲಿಲ್ಲ. ಆತನ ವಾಕಿಂಗ್ ನಿಂತಿತು. ಗೇಟಿನವರೆಗೆ ಬಂದರೂ ಅವಳು ಹಿಂದೆಯೇ ಬರುವಳು. ಬುಧವಾರ ನನ್ನ ಹತ್ತಿರ ಬಂದು ಕೂತು, ಆರು ವರ್ಷ ಏನೇನು ಅಡುಗೆ ಮಾಡುತ್ತಿದ್ದಿರಿ ಎಂದು ಕೇಳಿದಳು. ಎಣ್ಣೆಯ ಅಳತೆ, ಕಾಯಿ ಹಾಕದ ಸಾಂಬಾರು, ಎಲ್ಲ ಹೇಳಿದೆ. ತಾನೂ ಅದನ್ನೇ ತಿನ್ನುತ್ತಿದ್ದೇನೆ, ಅವರೊಬ್ಬರಿಗೇ ಸಪ್ಪೆ ಊಟ ಹೇಗೆ ಹಾಕೋದು ಎಂದಳು.

ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಅವಳ ಮನೆಗೂ ಭಯ ಬಂದಿತ್ತಲ್ಲ. ಆದರೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಸಪ್ಪೆ ಊಟವನ್ನು ಇಬ್ಬರೂ ಎದುರುಬದುರು ಕೂತು ಉಣ್ಣುವುದು ನಮ್ಮದಾಗಿತ್ತು. ನಮ್ಮವರು ಹೋದ ಮೇಲೆ ನನಗೆ ಉಳಿದದ್ದೇ ಆ ನೆನಪು. ಈಗ ಅದೂ ಅವಳ ಪಾಲಾಯಿತು, ಎದುರಿಗೆ ಕೂರುವ ಗಂಡನ ಸಮೇತ.

ಶುಕ್ರವಾರ ಮಧ್ಯಾಹ್ನ ಆತ ಒಬ್ಬರೇ ಬಂದರು. ಹೆಂಡತಿ ಮಲಗಿದ್ದಾಳೆ, ರಾತ್ರಿಯೆಲ್ಲ ಎದ್ದಿರುತ್ತಾಳೆ ಎಂದರು. ಮೂಗಿನ ಹತ್ತಿರ ಕೈ ಹಿಡಿದು ನಾನು ಉಸಿರಾಡ್ತಿದೀನಾ ಅಂತ ನೋಡ್ತಾಳೆ ಎಂದು ನಗಲು ನೋಡಿದರು. ಆಮೇಲೆ ನಮ್ಮವರ ಫೋಟೋದ ಕಡೆ ತಿರುಗಿ ಕೇಳಿದರು:

'ಅತ್ತಿಗೆ, ಅಣ್ಣಂಗೆ ಮುಂಚೆ ಏನಾದ್ರೂ ಗೊತ್ತಾಗಿತ್ತಾ? ಹೇಳ್ತಿದ್ರಾ?'

ಇಲ್ಲ ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ರಸ್ತೆ ದಾಟುವಾಗ ಎರಡು ಸಲ ನಿಂತರು. ಆ ನಡಿಗೆಯನ್ನು ನಾನು ನೋಡಿದ್ದೆ. ಸ್ಟೆಂಟ್ ಹಾಕಿಸಿಕೊಂಡು ಬಂದ ಮೊದಲ ವಾರ ನಮ್ಮವರು ತಮ್ಮ ಎದೆಯನ್ನೇ ತಾವು ಕೇಳಿಸಿಕೊಳ್ಳುತ್ತಾ ಹೀಗೇ ನಡೆಯುತ್ತಿದ್ದರು. ಆ ನಡಿಗೆಯನ್ನು ನಾನು ಆರೋಗ್ಯವಾಗಿದ್ದ ಮನುಷ್ಯನಿಗೆ ಅಂಟಿಸಿದ್ದೆ.

ಸಂಜೆ ಎದುರು ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವತ್ತು ಅವರು ಹುಗ್ಗಿ ತಿಂದು ಬಂದಿದ್ದರು, ಬೆರಳಲ್ಲೂ ತುಪ್ಪ ಇತ್ತು, ಆ ಸಂಖ್ಯೆಯನ್ನು ನಂಬಬೇಡ ಎಂದೆ. ಅವಳ ಕೈಯಿಂದ ಚಾಕು ಜಾರಿತು. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು, ಅಳುತ್ತಲೇ ನಕ್ಕಳು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅವಳೇ ಕಣ್ಣೊರೆಸಿಕೊಂಡು ಕೇಳಿದಳು:

'ನಿಮಗೆ ಯಾವಾಗ ಹೊಳೀತಕ್ಕ?'

'ಆವಾಗಲೇ. ಚುಚ್ಚೋಕ್ ಮುಂಚೆ.'

'ಗೊತ್ತಿದ್ದೂ ಚುಚ್ಚಿದ್ರಾ?'

'ಹೂಂ. ನೀನು ಸೆರಗಲ್ಲಿ ಅವರ ಬೆರಳು ಒರೆಸ್ತಿದ್ದೆ. ನನಗೆ ನೋಡಕ್ಕಾಗ್ಲಿಲ್ಲ.'

ಅವಳು ಬಿದ್ದ ಚಾಕುವನ್ನು ಎತ್ತಿಟ್ಟಳು. ನಡುಮನೆಯಿಂದ ಆತನ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. 'ಹಂಗಾದ್ರೆ ನಾಳೆ ದೋಸೆ ತಿನ್ಬಹುದು ಅನ್ನಿ.'

'ನೀವು ಸುಮ್ನಿರ್ರೀ,' ಎಂದು ಅವಳು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು: 'ನಿಮ್ ಜಾಗದಲ್ಲಿ ನಾನಿದ್ದಿದ್ರೆ ಏನ್ ಮಾಡ್ತಿದ್ನೋ ಗೊತ್ತಿಲ್ಲ. ಆದ್ರೆ ಐದು ರಾತ್ರಿ ಅವರ ಉಸಿರು ಎಣಿಸಿದೀನಿ ಅಕ್ಕ. ಇನ್ಮೇಲೆ ಅವರ ಕೈ ನಿಮಗೆ ಕೊಡಲ್ಲ.'

ಅದರಲ್ಲಿ ತಪ್ಪೇನೂ ಇರಲಿಲ್ಲ. ಮನೆಗೆ ಬಂದೆ. ನಿಜ ಹೇಳಿದರೆ ಹೊಟ್ಟೆಕಿಚ್ಚು ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಅವಳು ಗಂಡನನ್ನು ಗದರಿದ ದನಿಯೇ ಕಿವಿಯಲ್ಲಿತ್ತು.

ಸೋಮವಾರ ಡಾಕ್ಟರು ಲ್ಯಾಬಿನಲ್ಲಿ ಹೊಸದಾಗಿ ನೋಡಿಸಿದರಂತೆ. ಸ್ವಲ್ಪ ಜಾಸ್ತಿ ಇದೆ, ಭಯಪಡುವಂಥದ್ದೇನಿಲ್ಲ, ವಾಕಿಂಗ್ ನಡೆಯಲಿ ಎಂದರಂತೆ. ಇದನ್ನು ಆತನೇ ರಸ್ತೆಯಿಂದ ಕೂಗಿ ಹೇಳಿದರು, ಗೇಟಿನೊಳಗೆ ಬರಲಿಲ್ಲ. ನನಗೆ ಹಗುರವಾಯಿತು. ಅದೇ ಹೊತ್ತಿಗೆ, ನಮ್ಮವರಿಗೆ ಯಾಕೆ ಹೀಗಾಗಲಿಲ್ಲ ಎಂದೂ ಅನ್ನಿಸಿತು. ಎರಡೂ ನಿಜ.

ಅವಳು ಈಗ ಎದುರು ಸಿಕ್ಕರೆ ಊಟ ಆಯ್ತಾ ಎನ್ನುತ್ತಾಳೆ, ಅಷ್ಟೇ. ಹಬ್ಬಕ್ಕೆ ಎಳ್ಳು ಬೆಲ್ಲ ಕೊಡಲು ಬಂದವಳು ಕೂರಲಿಲ್ಲ. ಪರೀಕ್ಷೆಗೆ ಅವರು ಜಯನಗರದ ಲ್ಯಾಬಿಗೆ ಹೋಗುತ್ತಾರೆ. ಹೋದ ವಾರವೂ ಹೋದರು. ಆತ ಸ್ಕೂಟರ್ ಹೊರಗೆ ತಂದರು, ಅವಳು ಬೀಗ ಹಾಕಿ ಬಂದು ಹಿಂದೆ ಕೂತಳು. ಅವಳ ಕೈಚೀಲದಿಂದ ಫ್ಲಾಸ್ಕಿನ ತಲೆ ಹೊರಗೆ ಕಾಣುತ್ತಿತ್ತು. ರಕ್ತ ಕೊಟ್ಟು ಹೊರಗೆ ಬಂದ ಕೂಡಲೇ ಕುಡಿಯಲು ಕಾಫಿ. ಆತ ಮೊದಲು ಕುಡಿಯುತ್ತಾರೆ, ಆಮೇಲೆ ಅದೇ ಮುಚ್ಚಳದಲ್ಲಿ ಅವಳು ಎಂದು ನನ್ನ ಕಣ್ಣಿಗೆ ಕಟ್ಟಿತು. ಸ್ಕೂಟರ್ ತಿರುವು ದಾಟುವವರೆಗೆ ನಾನು ಕಿಟಕಿ ಬಿಟ್ಟು ಕದಲಲಿಲ್ಲ.