ಗದಿಗೆಮ್ಮನ ಆರು ಹಲ್ಲು

ನಗು ಬಂದರೆ ಗದಿಗೆಮ್ಮ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಹದಿನಾಲ್ಕು ವರ್ಷದ ಕೆಳಗೆ ಬೇಗಂಪೇಟೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಸೆಂಟ್ರಿಂಗ್ ಹಲಗೆಯೊಂದು ಜಾರಿ ಮುಖಕ್ಕೆ ಬಡಿದು, ಮೇಲಿನ ಸಾಲಿನ ಆರು ಮುಂದಿನ ಹಲ್ಲು ಹೋಗಿದ್ದವು. ಆಗ ಮಗಳು ಶಿವಗಂಗಾ ಹೊಟ್ಟೆಯಲ್ಲಿದ್ದಳು. ತಾಯಿಯ ಹಲ್ಲು ಹೇಗಿದ್ದವೆಂದು ಆ ಹುಡುಗಿ ಕಂಡವಳೇ ಅಲ್ಲ.

ಈ ಬೇಸಿಗೆಯಲ್ಲಿ ಗದಿಗೆಮ್ಮ ಗಂಡ ತಾಯಪ್ಪನ ಜೊತೆ ಹಿಮಾಯತ್‌ನಗರದ ಒಂದು ಹಲ್ಲಿನ ಆಸ್ಪತ್ರೆಗೆ ಗೋಡೆ ಗಿಲಾವಿನ ಕೆಲಸಕ್ಕೆ ಬಂದಳು. ಅವರ ಕನ್ನಡ ಮಾತು ಕಿವಿಗೆ ಬಿದ್ದು ಡಾಕ್ಟರ್ ಶರ್ವರಿ ಹೊರಗೆ ಬಂದರು. ಡಾಕ್ಟರ ಅಜ್ಜ ಕಲಬುರಗಿಯಿಂದ ಬಂದು ಈ ತೆಲುಗರ ಊರಲ್ಲಿ ನೆಲೆಸಿದವರು.

"ಯಾವೂರವ್ರು ನೀವು?"

"ಯಾದಗಿರಿ ಕಡ್ಯಾವ್ರು ರೀ," ಎಂದಳು ಗದಿಗೆಮ್ಮ, ಸೆರಗಿನ ಹಿಂದಿನಿಂದಲೇ.

ಆ ಸೆರಗು ಏಕೆಂದು ಡಾಕ್ಟರಿಗೆ ಅರ್ಥವಾಯಿತು. ಕೆಲಸ ಮುಗಿದ ದಿನ ಅವಳನ್ನು ಒಳಗೆ ಕರೆದು, ಹಲ್ಲು ಕಟ್ಟಿಕೊಡುತ್ತೇನೆಂದು ಹೇಳಿ ಕುರ್ಚಿಯ ಮೇಲೆ ಕೂರಿಸಿದರು.

"ಹಲ್ಲು ಕಾಣೂವಂಥಾ ಹಳೇ ಫೋಟೋ ಅದ ಏನ್ರಿ?"

"ಮದಿವೀದು ಒಂದ ಐತ್ರಿ. ಅದರಾಗ ಅಂಜಿ ಬಾಯಿ ಮುಚ್ಕೊಂಡ ನಿಂತೀನಿ."

ಡಾಕ್ಟರ್ ಚೂಪು ಕಾಲುಗಳ ಉಕ್ಕಿನ ಅಳತೆಗೋಲೊಂದನ್ನು ತೆಗೆದರು. ಗದಿಗೆಮ್ಮ ಬಾಯಿ ತೆರೆದಳು.

"ಬಾಯಿ ಮುಚ್ರಿ. ನನಗ ಮುಖ ಬೇಕು."

ಕಣ್ಣುಗಳ ಒಳ ಮೂಲೆಯಿಂದ ಒಳ ಮೂಲೆಗೆ ಅಳೆದರು. ಆಮೇಲೆ ಮೂಗಿನ ಅಗಲ. ಎರಡೂ ಹೊಳ್ಳೆಗಳ ಹೊರ ಅಂಚಿನಿಂದ ನೇರ ಕೆಳಗೆ ಬಂದರೆ ಕೋರೆಹಲ್ಲುಗಳ ತುದಿ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ ಎಂದು ಬೆರಳಿಂದ ತೋರಿಸಿದರು.

ಗದಿಗೆಮ್ಮ ಕನ್ನಡಿಯಲ್ಲಿ ತನ್ನ ಮೂಗನ್ನೇ ನೋಡಿದಳು. ದಿನಾ ಸಿಮೆಂಟಿನ ಧೂಳು ತೊಳೆದುಕೊಳ್ಳುವ ಅದೇ ಮುಖ. "ಹೋದ ಹಲ್ಲಿಂದು ಲೆಕ್ಕ ಇಲ್ಲಿ ಉಳದಿತ್ತೇನ್ರೀ?" ಎಂದಳು. ಆಮೇಲೆ, "ಸಣ್ಣವು ಹಾಕ್ರಿ ಅಕ್ಕಾರ. ಎದ್ದು ಕಾಣಬಾರ್ದು," ಎಂದು ಬೇಡಿಕೊಂಡಳು.

"ನಿಮ್ಮ ಮುಖ ಅಗಲ ಹಲ್ಲು ಕೇಳ್ತದ. ಆದ್ರ ಇದು ಅಂದಾಜು ಅಷ್ಟ. ಎಲ್ಲಾರಿಗೂ ಕೂಡಿ ಬರೂದಿಲ್ಲ. ಮೊದಲ ಮೇಣದಾಗ ಕೂಡಿಸಿ ನೋಡೋಣು."

ಮುಂದಿನ ಭಾನುವಾರ ಮಲ್ಕಾಜ್‌ಗಿರಿಯ ಮನೆಯಿಂದ ಮಗಳೂ ಸೇರಿ ಮೂವರೂ ಬಂದರು. ಮೇಣದಲ್ಲಿ ನಿಲ್ಲಿಸಿದ ಹಲ್ಲುಗಳನ್ನು ಬಾಯಿಗಿಟ್ಟು ಡಾಕ್ಟರ್, "ಮಗಳ ಹೆಸರು ಹೇಳ್ರಿ," ಎಂದರು.

"ಶಿವಗಂಗಾ."

'ವ' ಎನ್ನುವಾಗ ಹೊಸ ಹಲ್ಲು ಕೆಳತುಟಿ ಮೇಲೆ ಸರಿಯಾಗಿ ಕೂತಿತು. ಅಷ್ಟು ವರ್ಷ ಅರ್ಧ ಗಾಳಿಯಲ್ಲೇ ಹೋಗುತ್ತಿದ್ದ ಹೆಸರು ಅದು. ಹುಡುಗಿ ತಾಯಿಯನ್ನು ಹೊಸಬರನ್ನು ನೋಡುವಂತೆ ನೋಡಿದಳು.

ಗೋಡೆಗೆ ಆತು ನಿಂತಿದ್ದ ತಾಯಪ್ಪ ಹತ್ತಿರ ಬಂದ. ಬಹಳ ಹೊತ್ತು ನೋಡಿದ. "ಇವೇ ರೀ," ಎಂದ. "ಇಷ್ಟ ಅಗಲ ಇದ್ವು. ಆದ್ರ ಎಡಗಡೀದು ಒಂದು ಒಂಚೂರು ಹೊಳ್ಳಿತ್ತು. ಹಿಂಗ," ಎಂದು ಬೆರಳನ್ನು ತುಸು ಓರೆಗೆ ತಿರುಗಿಸಿ ತೋರಿಸಿದ.

ಡಾಕ್ಟರ್ ಮೇಣ ಬಿಸಿ ಮಾಡಿ, ಆ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದರು.

"ಹಾಂ. ಈಗ," ಎಂದ ತಾಯಪ್ಪ.

ಗದಿಗೆಮ್ಮ ಕನ್ನಡಿ ಬಿಟ್ಟು ಗಂಡನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವಳ ಹಲ್ಲಿನ ಸುದ್ದಿಯನ್ನು ಅವನು ಒಮ್ಮೆಯೂ ಎತ್ತಿದವನಲ್ಲ. ಮೂಗು ಹೇಳಲಾರದ್ದನ್ನು ಈ ಮನುಷ್ಯ ಎಲ್ಲಿ ಇಟ್ಟುಕೊಂಡಿದ್ದನೋ!

ಹತ್ತು ದಿನಕ್ಕೆ ಹಲ್ಲು ಸಿದ್ಧವಾದವು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಮಗಳ ಮೂಗಿನ ಎರಡೂ ಕಡೆ ಬೆರಳಿಟ್ಟು, "ನಗು ನೋಡೂಣು," ಎಂದಳು. ಶಿವಗಂಗಾ ನಕ್ಕಳು. ಬೆರಳುಗಳನ್ನು ಹಾಗೇ ನೇರ ಕೆಳಗಿಳಿಸಿದಳು; ಅವು ಕೋರೆಹಲ್ಲಿಗೇ ಬಂದು ಮುಟ್ಟಿದ ಕೂಡಲೇ ಗದಿಗೆಮ್ಮ "ಯವ್ವಾ!" ಎಂದು ಬಾಯಿ ತುಂಬ ನಕ್ಕುಬಿಟ್ಟಳು.